ನಿವ್ವಳ ಶೂನ್ಯ ವಿಸರ್ಜನೆ

ಹಾಳೂರಿಗೆ ಉಳಿದವನೇ ಗೌಡ ಎಂಬ ಮಾತು ಊರಿಗಿಂತ ಆಫೀಸಿಗೆ ಹೆಚ್ಚು ಒಪ್ಪುತ್ತದೆ. ಮುಂಬಯಿಯ ನಮ್ಮ ಅಲ್ಯೂಮಿನಿಯಂ ಕಂಪನಿಯ ಹೆಡ್ ಆಫೀಸಿನಲ್ಲಿ ಕನ್ನಡ ಓದಿ ಬರೆಯಬಲ್ಲವನು ನಾನೊಬ್ಬನೇ. ಧಾರವಾಡದಲ್ಲಿ ಕಾಮರ್ಸ್ ಓದುವಾಗ ಕನ್ನಡದಲ್ಲಿ ಪಾಸಾದದ್ದೇ ಪುಣ್ಯ ಎಂದುಕೊಂಡಿದ್ದವನು ಇಲ್ಲಿ ‘ಪಂಡಿತ್‌ಜಿ’. ಯಾರದೋ ಭಾವೀ ಸೊಸೆ ಹುಬ್ಬಳ್ಳಿಯವಳಂತೆ, ಮದುವೆಯ ಕರೆಯೋಲೆ ಸ್ವಲ್ಪ ನೋಡಿಕೊಡಿ ಎಂದು ಹಿಡಿದು ತರುತ್ತಾರೆ. ನಾನು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ತಪ್ಪಿಲ್ಲದಿದ್ದರೂ ಎಲ್ಲೋ ಒಂದು ದೀರ್ಘ ಎಳೆದು ಕೊಡುತ್ತೇನೆ. ಪುಕ್ಕಟೆ ಸಿಗುವ ಮರ್ಯಾದೆ ಯಾರಿಗೆ ಬೇಡ ಹೇಳಿ?

ಈ ಮರ್ಯಾದೆಗೆ ಸಂಚಕಾರ ತಂದದ್ದು ಕಂಪನಿಯ ಹವಾಮಾನ ಗುರಿ. ಅಲ್ಯೂಮಿನಿಯಂ ಎತ್ತಲು ಹಗುರ, ಮಾಡಲು ಭಾರ. ಅದಿರಿನಿಂದ ಅದನ್ನು ಬಿಡಿಸುವುದಕ್ಕೆ ಹೇರಳ ಕರೆಂಟು ಬೇಕು. ಆ ಕರೆಂಟಿಗಾಗಿ ದೂರದ ರಾಜ್ಯದಲ್ಲಿರುವ ನಮ್ಮ ದೊಡ್ಡ ಕಾರ್ಖಾನೆ ಹಗಲೂ ರಾತ್ರಿ ಕಲ್ಲಿದ್ದಲು ಸುಡುತ್ತದೆ. ಬೆಳಗ್ಗೆ ಚಪಾತಿ ಸುತ್ತಿಕೊಂಡು ಲೋಕಲ್ ಹತ್ತುತ್ತೇವಲ್ಲ, ಆ ತೆಳ್ಳನೆಯ ಫಾಯಿಲಿನ ಹಿಂದೆ ಇಷ್ಟೆಲ್ಲ ಹೊಗೆ ಇದೆ. ಇದನ್ನು ಇಳಿಸುತ್ತ ಹೋಗಿ, ಇಳಿಸಲಾಗದ್ದನ್ನು ಮರ ನೆಟ್ಟೋ ಇನ್ನೇನೋ ಮಾಡಿಯೋ ಸರಿದೂಗಿಸಿ, ಲೆಕ್ಕವನ್ನು ಸೊನ್ನೆಗೆ ತರುತ್ತೇವೆಂದು ಕಂಪನಿ ಸಾರಿತು. ಅದನ್ನು ಎಲ್ಲ ಘಟಕಗಳಲ್ಲೂ ಅಲ್ಲಿಯವರ ಭಾಷೆಯಲ್ಲಿ ಬರೆಸಿ ತೂಗುಹಾಕಬೇಕು ಎಂದರು ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ. ಕುರ್ಲಾದ ಹತ್ತಿರ ಹಳೆ ಡಬ್ಬಿ, ಪಾತ್ರೆ ಕರಗಿಸುವ ಘಟಕವೊಂದಿದೆ. ಅಲ್ಲಿ ಅರ್ಧಕ್ಕರ್ಧ ಜನ ವಿಜಯಪುರದ ಕಡೆಯವರು. ಹೀಗಾಗಿ ಕನ್ನಡದ ಬೋರ್ಡು ಪಂಡಿತರ ಪಾಲಿಗೆ ಬಂತು.

‘ಎಮಿಷನ್’ ಎಂಬುದಕ್ಕೆ ಪತ್ರಿಕೆಗಳು ‘ಹೊರಸೂಸುವಿಕೆ’ ಎನ್ನುತ್ತವೆ. ಕುರ್ಲಾದಲ್ಲಿ ಹೇಳಲು ಶುರುಮಾಡಿದರೆ ಮುಗಿಯುವಷ್ಟರಲ್ಲಿ ಲೋಕಲ್ ರೈಲಿಗೆ ಮುಂದಿನ ಸಾಯನ್ ಸ್ಟೇಷನ್ ಬರುತ್ತದೆ. ಬೋರ್ಡು ಬರೆಯುವವನೂ ಜಾಗ ಸಾಲುವುದಿಲ್ಲ ಎಂದ. ನಿಘಂಟು ತೆರೆದರೆ ಪಕ್ಕದಲ್ಲೇ ‘ವಿಸರ್ಜನೆ’ ಎಂಬ ಚೊಕ್ಕ ಪದ ಕೂತಿತ್ತು. ಹಿಗ್ಗಿಹೋದೆ. ‘ನಮ್ಮ ಗುರಿ: ನಿವ್ವಳ ಶೂನ್ಯ ವಿಸರ್ಜನೆ’ ಎಂದು ಬರೆಸಿ, ಕೆಳಗೆ ಸಣ್ಣ ಅಕ್ಷರದಲ್ಲಿ ಇಸವಿ ಹಾಕಿಸಿದೆ. ಬೋರ್ಡು ಕುರ್ಲಾ ಸೇರಿದಾಗ ಗಣೇಶ ಚೌತಿಗೆ ಒಂದು ವಾರವಿತ್ತು. ಮುಂಬಯಿಯಲ್ಲಿ, ಚೌತಿಯ ಮುಂದೆ, ವಿಸರ್ಜನೆ ಶೂನ್ಯ ಎಂದು ಬರೆಯುವಷ್ಟು ಬುದ್ಧಿ ಪಂಡಿತನಿಗಲ್ಲದೆ ಬೇರೆ ಯಾರಿಗಿರುತ್ತದೆ!

ಮರುದಿನವೇ ಘಟಕದ ಮ್ಯಾನೇಜರ್ ಫೋನು ಮಾಡಿದರು. “ಪಂಡಿತ್‌ಜೀ, ಲೋಗ್ ಭಟ್ಟಿ ನಹೀ ಜಲಾ ರಹೇ. ಬೋರ್ಡ್ ಆಪ್ ಕಾ, ಆಪ್ ಹೀ ಸಂಭಾಲೋ.” ಭಟ್ಟಿಗೆ ಯಾರೂ ಬೆಂಕಿ ಹಚ್ಚುತ್ತಿಲ್ಲವಂತೆ, ಬೋರ್ಡು ನನ್ನದಾದ್ದರಿಂದ ನಾನೇ ಸಂಭಾಳಿಸಬೇಕಂತೆ. ಓಡಿದೆ. ಅಲ್ಲಿಯವರು ಪ್ರತಿವರ್ಷ ಶೆಡ್ಡಿನಲ್ಲಿ ಗಣಪತಿ ಕೂರಿಸುತ್ತಾರೆ. ಐದನೇ ದಿನ ಅರ್ಧ ದಿನ ರಜೆ, ಕಂಪನಿಯ ಟ್ರಕ್ಕು, ತಾಶೆಯ ಬಡಿತ, ಗುಲಾಲು. ವರ್ಷವಿಡೀ ಬೆಂಕಿಯ ಮುಂದೆ ಬೇಯುವವರಿಗೆ ತಮ್ಮದೆನ್ನುವ ಮಧ್ಯಾಹ್ನ ಅದೊಂದೇ. ಅದನ್ನೂ ಕಿತ್ತುಕೊಂಡರು ಎಂದು ಅವರಿಗೆ ಸಂಕಟವಾಗಿತ್ತು, ಅದಕ್ಕೆ ಕಾರಣ ನಾನೆಂದು ನನಗೂ.

ಭಟ್ಟಿ ನೋಡಿಕೊಳ್ಳುವ ಸಂಗಪ್ಪನೇ ಮುಂದೆ ಬಂದ. “ಸಾಹೇಬ್ರ, ಗಣಪ್ಪನ್ನ ಕುಂದ್ರಸಬೇಕು, ಕಳಸಬಾರದು ಅಂದ್ರ ಹ್ಯಾಂಗ್ರಿ? ವರ್ಷಾನಗಟ್ಲೆ ಅವಗ ಕಡಬು ಮಾಡಿ ಹಾಕ್ಕೋತ ಕುಂದ್ರೋದೇನ್ರಿ?”

“ಇದು ಆ ವಿಸರ್ಜನಿ ಅಲ್ಲೋ ಮಾರಾಯಾ!”

ಡಬ್ಬಿ ಆರಿಸುವ ಯಲ್ಲವ್ವ ಬಾಯಿಗೆ ಸೆರಗು ಹಿಡಿದಳು. “ಅಯ್ಯ ಶಿವನ, ಹಂಗಾರ ಇನ್ನೊಂದೇನ್ರಿ? ಮೊದಲ ಇಲ್ಲೆ ಇರೋದ ಒಂದ ಸಂಡಾಸ್ ಐತಿ. ಅದಕ್ಕೂ ಕೀಲಿ ಜಡೀತೀರೇನು?”

“ಛೇ ಛೇ, ಹೊಗಿ, ಹೊಗಿ! ಹೊಗಿ ಬಂದ್ ಮಾಡೋದು!” ಎಂದು ಅವಸರದಲ್ಲಿ ಕೂಗಿದೆ. ಹಿಂದಿನಿಂದ ಯಾರೋ, “ಹೋತು, ಬೀಡಿನೂ ಹೋತು” ಎಂದರು.

ಇನ್ನು ಪಾಂಡಿತ್ಯ ನಡೆಯದೆಂದು ಕಲ್ಲಿದ್ದಲು, ಕರೆಂಟು ಎಲ್ಲವನ್ನೂ ಬಿಡಿಸಿ ಹೇಳಿದೆ. ಹಳೆಯದನ್ನು ಕರಗಿಸುವ ನಿಮ್ಮ ಕೆಲಸದಲ್ಲಿ ಹೊಗೆ ತೀರ ಕಡಿಮೆ ಎಂದು ಹೊಗಳಿಯೂ ನೋಡಿದೆ. ಸಂಗಪ್ಪ ಕರಗಲಿಲ್ಲ. “ಅಲ್ರಿ, ಕಲ್ಲಿದ್ದಲಿ ಸುಡೋರು ಅಲ್ಲೆ, ಬೋರ್ಡ್ ನಮಗ? ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದಂಗಾತು” ಎಂದ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

“ಆತು, ಇದು ಯಾವಾಗಿಂದ ಚಾಲೂ?” ಎಂದು ಕೊನೆಗೆ ಕೇಳಿದ. ಬೋರ್ಡಿನ ಕೆಳಸಾಲು ಡಬ್ಬಿಯ ಮೂಟೆಗಳ ಹಿಂದೆ ಮುಚ್ಚಿಹೋಗಿತ್ತು. ಮೂಟೆ ಸರಿಸಿ ತೋರಿಸಿದೆ. ಸಂಗಪ್ಪ ಬೆರಳಿಟ್ಟು ಓದಿದ. “ಎರಡು ಸಾವಿರದ ಐವತ್ತಾ?” ಎಂದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. “ಇದನ್ನ ಮೊದಲ ಹೇಳಬಾರದೇನ್ರಿ ಸಾಹೇಬ್ರ! ಅಲ್ಲೀತನಕಾ ಕಳಸಬಹುದಲ್ರಿ!” ಇಡೀ ಶೆಡ್ಡು ನಕ್ಕಿತು. “ಧಾರಾಳ ಕಳಸ್ರಿ” ಎಂದು ನಾನೂ ನಕ್ಕೆ. ಅರ್ಧ ದಿನದ ರಜೆಗೆ ಮ್ಯಾನೇಜರ್ ತಲೆಯಾಡಿಸಿದರು, ಭಟ್ಟಿ ಹತ್ತಿತು, ನನಗೆ ಚಹಾ ಬಂತು. ಕಾರ್ಮಿಕರು ಗುರಿಯನ್ನು ಬಹಳ ಸಂತೋಷದಿಂದ ಸ್ವೀಕರಿಸಿದ್ದಾರೆ ಎಂದು ಮೇಡಂಗೆ ಫೋನಿನಲ್ಲಿ ಹೇಳಿದೆ. ಅದರಲ್ಲಿ ಸುಳ್ಳೇನೂ ಇಲ್ಲ.

ಚೆಂಬೂರಿನ ಮನೆಗೆ ಬಂದು ಊಟಕ್ಕೆ ಕೂತಾಗ ಇದನ್ನೆಲ್ಲ ಉಪ್ಪುಖಾರ ಹಚ್ಚಿ ಹೇಳಿದೆ. ಹೆಂಡತಿ ಸುಧಾ ನಕ್ಕೂ ನಕ್ಕೂ ಸಾರಿನ ಸೌಟು ಕೆಳಗಿಟ್ಟಳು. ಕಾಲೇಜಿಗೆ ಹೋಗುವ ಮಗಳು ಮಾತ್ರ ಬೆರಳು ಮಡಚುತ್ತ ಏನೋ ಎಣಿಸುತ್ತಿದ್ದಳು.

“ಪಪ್ಪಾ, ಟ್ವೆಂಟಿ ಫಿಫ್ಟಿಯಾಗ ತೋ ನಂಗ ನಿಮ್ಮ ಈಗಿನ ಏಜ್ ಆಗ್ತದ ನಾ? ಫಿರ್ ಆ ಹೊಗಿ ಎಲ್ಲ ನಾನ ಇಳಸಬೇಕಾ?”

“ಮಾತು ಸಾಕು, ಮೊದಲ ಉಣ್ಣು. ಅನ್ನ ಆರ್ತದ” ಎಂದು ಗದರಿದೆ. ಅನ್ನ ಇನ್ನೂ ಕೈ ಇಡಲಾರದಷ್ಟು ಬಿಸಿಯಾಗಿತ್ತು.