ನನ್ನ ನಾದಿನಿಯ ಹಾರುವ ಮಗ

ನನ್ನ ನಾದಿನಿಗೆ ಇಬ್ಬರು ಗಂಡು ಮಕ್ಕಳು. ಒಬ್ಬ ಕಮಲಾಪುರದಲ್ಲಿ ಬಾಳೆಯ ತೋಟ ನೋಡಿಕೊಂಡಿದ್ದಾನೆ. ಇನ್ನೊಬ್ಬ ದಿನಾ ಸಂಜೆ ಏಳೂವರೆಗೆ ಆಕಾಶದಲ್ಲಿ ಹಾರುತ್ತಾನೆ. ಮೊದಲನೆಯವನನ್ನು ಅವಳೇ ಹಡೆದದ್ದು, ಆವತ್ತು ಸೂಲಗಿತ್ತಿಯ ಪಕ್ಕದಲ್ಲಿ ನಾನೂ ಇದ್ದೆ, ಅದರಲ್ಲಿ ಸಂಶಯವಿಲ್ಲ. ಎರಡನೆಯವನು ಟಿವಿಯಲ್ಲಿ ಸಿಕ್ಕವನು. ಯಾರ ಮೇಲೆ ಪ್ರೀತಿ ಜಾಸ್ತಿ ಎಂದು ಮಾತ್ರ ಕೇಳಬೇಡಿ. ಹಡೆದವನು ಹಸಿದು ಬಂದು ತಾಟಿನ ಮುಂದೆ ಕೂತರೆ, "ತಡಿಯೋ, ನಡುವ ಸಾಬೂನಿನ ಜಾಹೀರಾತ ಬರ್ಲಿ, ನೀಡ್ತೀನಿ" ಅನ್ನುತ್ತಾಳೆ.

ಆ ಧಾರಾವಾಹಿಯ ಕತೆ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಗೊತ್ತಿದ್ದರೆ ನಿಮ್ಮ ಮೇಲೂ ನನಗೆ ಕನಿಕರವಿದೆ. ಒಂದು ದೊಡ್ಡ ಮನೆ. ಅಂಗಳದ ಬೇವಿನ ಮರಕ್ಕೆ ಸಿಡಿಲು ಬಡಿಯುತ್ತದೆ. ಮರಕ್ಕೆ ಏನೂ ಆಗುವುದಿಲ್ಲ, ಮನೆಯವರಿಗೆ ಒಂದೊಂದು ಶಕ್ತಿ ಬಂದುಬಿಡುತ್ತದೆ. ಹಿರಿಯ ಮಗ ಹಾರುತ್ತಾನೆ. ಕಿರಿಯ ಮಗ ಮಾಯವಾಗುತ್ತಾನೆ. ಸೊಸೆಗೆ ಎದುರಿಗಿದ್ದವರ ಮನಸ್ಸಿನೊಳಗಿನ ಮಾತು ಕೇಳಿಸುತ್ತದೆ. ಮಗಳು ಕೈ ಎತ್ತಿದರೆ ಗಡಿಯಾರ ನಿಲ್ಲುತ್ತದೆ. (ನಮ್ಮ ಮನೆಯ ಗಡಿಯಾರ ಯಾರೂ ಕೈ ಎತ್ತದೆಯೇ ನಿಂತು ವರ್ಷವಾಯಿತು.) ಇಷ್ಟೆಲ್ಲ ಶಕ್ತಿ ಬಂದ ಮೇಲೆ ಇವರು ಮಾಡುವುದೇನು? ಅಳುವುದು. ಹಾರಿ ಬಂದು ಅಳುವುದು, ಮಾಯವಾಗಿ ಅಳುವುದು, ಗಡಿಯಾರ ನಿಲ್ಲಿಸಿಕೊಂಡು ಸಾವಕಾಶವಾಗಿ ಅಳುವುದು.

ಆ ಮನೆಯಲ್ಲಿ ಹಾಲಿನ ಲೋಟಕ್ಕೆ ಯಾರೋ ವಿಷ ಹಾಕಿದ್ದಾರೆ. ಯಾರು ಹಾಕಿದರು ಎಂದು ಆರು ತಿಂಗಳಿಂದ ಹುಡುಕುತ್ತಿದ್ದಾರೆ. ಹಾಕಿದವಳು ಅತ್ತೆ, ಅದು ಇಡೀ ಕಲಬುರಗಿಗೆ ಗೊತ್ತಿದೆ. ಮನಸ್ಸಿನ ಮಾತು ಕೇಳಿಸುವ ಸೊಸೆ ಅದೇ ಅತ್ತೆಯ ಮಗ್ಗುಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾಳೆ, ಅವಳಿಗೊಬ್ಬಳಿಗೆ ಏನೂ ಕೇಳಿಸುವುದಿಲ್ಲ. ಅತ್ತೆಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಸೊಸೆಗೆ ಸಿಡಿಲು ಬಡಿಯಬೇಕೇ? ನಾನು ಮದುವೆಯಾಗಿ ಬಂದ ಮೂರನೇ ದಿನವೇ ತಿಳಿದುಕೊಂಡಿದ್ದೆ.

ಮಾಯವಾಗುವವನ ಜೊತೆ ಅವನ ಅಂಗಿ, ಪ್ಯಾಂಟು, ಕೈಗಡಿಯಾರ ಎಲ್ಲವೂ ಮಾಯವಾಗುತ್ತವೆ. ಸಿಡಿಲು ಬಡಿದದ್ದು ಇವನಿಗೋ, ಇವನ ಅಂಗಿಗೋ ಎಂದು ಮೊಮ್ಮಗಳನ್ನು ಕೇಳಿದೆ. ಅವಳು ಕಾಲೇಜಿಗೆ ಹೋಗುವವಳು, ತಿಳಿದವಳು. "ಆಯಿ, ಅಂಗಿ ಮಾಯ ಆಗಲಿಲ್ಲಂದ್ರ ಅಂಗಿ ಒಂದs ತಿರಗ್ಯಾಡ್ತದ. ಮಾಯ ಆಗೂದಕಿಂತಾ ಮೊದಲ ಬಿಚ್ಚಿಡಂದ್ರ ಟಿವಿಯವರು ಬಿಡಂಗಿಲ್ಲ" ಅಂದಳು. ಹೌದೆನ್ನಿಸಿತು. ಓದಿಸಿದ್ದು ಹಾಳಾಗಿಲ್ಲ.

ನನ್ನ ನಾದಿನಿ ದಡ್ಡಿಯಲ್ಲ, ಅದೇ ಕಷ್ಟ. ದಡ್ಡಿಯಾಗಿದ್ದರೆ ಬೈದು ಬಿಡಬಹುದಿತ್ತು. ಫೋನಿನಲ್ಲಿ ಒಂದು ದಿನ ಅವಳಿಗೆ ಹೇಳಿದೆ: "ನಿನ್ನ ಮಗ ಹಾರ್ತಾನ, ಖರೆ. ಒಂದ ದಿನರ ಮ್ಯಾಲೇರಿ ಮನಿ ನೀರಿನ ಟಾಕಿ ತೊಳದಾನೇನು?"

"ವೈನಿ, ಅಂವ ದೇಶಾ ಕಾಯಾಂವ. ಟಾಕಿ ತೊಳಿಯಾಕ ನಿನ್ನ ಮಗ ಇದ್ದಾನಲ್ಲ."

"ಆರು ತಿಂಗಳಾತು, ಒಂದ ಲೋಟ ಹಾಲಿಂದು ಫೈಸಲಾ ಆಗಿಲ್ಲ. ದೇಶಾ ಏನ್ ಕಾಯ್ತಾನ?"

"ನಾವು ಕೆಂಪು ಬಾಳಿ ಹಚ್ಚೋರು. ಗೊನಿ ಕೈಗೆ ಬರೂದ್ರಾಗ ಒಂದೂವರಿ ವರ್ಷ ಹೋಗ್ತದ. ಆರ ತಿಂಗಳಂದ್ರ ನಮಗ ಕಾಯೂದಲ್ಲ ವೈನಿ, ನೀರ ಬಿಟ್ಟು ತಿರುಗಿ ನೋಡೂದು."

ಫೋನ್ ಇಟ್ಟೆ. ಅವಳು ಆಗಲೇ ಇಟ್ಟಿದ್ದಳು, ಏಳೂವರೆಯಾಗಿತ್ತು.

ಹೋದ ಮಳೆಗಾಲದಲ್ಲಿ ಅವಳ ಸೊಸೆ ನನಗೆ ಫೋನ್ ಮಾಡಿದಳು. ಅತ್ತೆಯವರು ಬಾಗಿಲ ಹತ್ತಿರ ಇಟ್ಟಿದ್ದ ತೊಗರಿಯ ಚೀಲವನ್ನು "ಒಳಗ ಬಾರಪಾ, ಅಲ್ಲೇ ಯಾಕ ಕುಂತಿ" ಎಂದು ಕರೆದರಂತೆ. ಚೀಲ ಬರಲಿಲ್ಲ. ಅದಕ್ಕೆ ಸೊಕ್ಕು ಎಂದು ಬೈದರಂತೆ. ಊರಿಗೆ ಬಂದು ಕಣ್ಣು ನೋಡಿದ ಡಾಕ್ಟರರು ಎರಡಕ್ಕೂ ಪೊರೆ ಬಂದಿದೆ, ಆಪರೇಷನ್ ಮಾಡಿಸದಿದ್ದರೆ ಇರುವಷ್ಟು ನೋಟವೂ ಉಳಿಯುವುದಿಲ್ಲ ಎಂದು ಹೇಳಿಹೋಗಿದ್ದಾರೆ. ಮೂರು ಸಲ ತಾರೀಖು ಗೊತ್ತು ಮಾಡಿದರು, ಮೂರು ಸಲವೂ ಅವಳು ಒಲ್ಲೆ ಅಂದಳು. ಮೊದಲನೆಯ ಸಲ ಹಾರುವವನು ಬಾವಿಯಲ್ಲಿ ಬಿದ್ದಿದ್ದ. (ಹಾರುವವನು ಬಾವಿಯಲ್ಲಿ ಯಾಕೆ ಬೀಳುತ್ತಾನೆ? ಬಿಡಿ.) ಎರಡನೆಯ ಸಲ ಅವನ ಮದುವೆ. ಮೂರನೆಯ ಸಲ ಮದುವೆ ಮುರಿದುಬಿತ್ತು, ಮನೆಯಲ್ಲಿ ಎಲ್ಲರೂ ದುಃಖದಲ್ಲಿರುವಾಗ ತಾನು ಕಣ್ಣು ಮಾಡಿಸಿಕೊಳ್ಳಲು ಹೋಗುವುದು ಚೆನ್ನಾಗಿರುವುದಿಲ್ಲ ಅಂದಳಂತೆ.

ಮಾತು ಕೇಳದವರನ್ನು ಹೋಗಿ ಎಳೆದುಕೊಂಡು ಬರಬೇಕು. ಕಮಲಾಪುರಕ್ಕೆ ಹೊರಟೆ. ಬಸ್ಸಿನಿಂದ ಇಳಿದರೆ ಅವಳು ರಸ್ತೆಯ ಪಕ್ಕದಲ್ಲೇ ಕೆಂಪು ಬಾಳೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಕಾರಿನವರು ಬಂದು ನಿಂತಿದ್ದರು. ಹಣ್ಣನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ, "ಇದ ಇವತ್ತ ತಿನ್ರಿ, ಇದ ನಾಳಿಗಿ, ಇದ ನಾಡದ್ದ ಮುಂಜಾನಿ" ಎನ್ನುತ್ತಿದ್ದಳು. ಕಾರಿನವರು ಬೆರಗಾಗಿ ಇನ್ನೊಂದು ಹಣಿಗೆ ಹಣ್ಣು ತೆಗೆದುಕೊಂಡರು. ಅವರು ಹೋದ ಮೇಲೆ ನಾನು ಎದುರಿಗೆ ನಿಂತೆ.

"ಎಷ್ಟ ಬೇಕ್ರಿ?" ಅಂದಳು ನನಗೆ.

"ಒಂದ ಜೋಡಿ ಕಣ್ಣ ಕೊಡವ್ವಾ, ಸೋವಿ ಇದ್ರ."

"ಅಯ್ಯ, ವೈನಿ! ಗೊತ್ತಿತ್ತ ಗೊತ್ತಿತ್ತ, ಚಾಷ್ಟಿ ಮಾಡಿದೆ."

ನಾನೂ ನಕ್ಕೆ. ನಮ್ಮ ಮನೆಯ ಟಿವಿ ಗೋಡೆಯಷ್ಟು ದೊಡ್ಡದು, ನಿನ್ನ ಮಗ ಅದರಲ್ಲಿ ಇನ್ನೂ ಮೇಲೆ ಹಾರುತ್ತಾನೆ ಎಂದು ಆಸೆ ಹಚ್ಚಿ ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಕರೆತಂದೆ. ದವಾಖಾನೆಯ ಹೆಸರು ಎತ್ತಲಿಲ್ಲ.

ನಾಲ್ಕು ದಿನ ಚೆನ್ನಾಗಿಯೇ ಹೋಯಿತು. ಐದನೆಯ ದಿನ ಸಂಜೆ, ಹಾರುವವನು ಇನ್ನೇನು ಕಾಣಿಸಿಕೊಳ್ಳಬೇಕು, ಇವಳು ಅಡುಗೆಮನೆಗೆ ಹೋಗಿ ಉಪ್ಪು, ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದಳು. ಟಿವಿಯ ಮುಂದೆ ನಿಂತು ಮೇಲಿಂದ ಕೆಳಗೆ ಮೂರು ಸುತ್ತು ನಿವಾಳಿಸಿದಳು.

"ಏನ್ ಮಾಡಾಕತ್ತಿ?"

"ದಿಟ್ಟಿ ತೆಗಿಯಾಕತ್ತೀನಿ. ಮನ್ಯಾಗ ನಾಕ ಮಂದಿ ನೋಡಿದ್ರs ಕೂಸಿಗಿ ದಿಟ್ಟಿ ತಾಗ್ತದ. ಈ ಹುಡಗನ್ನ ಊರಿಗ ಊರ ನೋಡ್ತದ. ಅದಕs ಬಾವ್ಯಾಗ ಬಿದ್ದ."

ಮೆಣಸಿನಕಾಯಿ ಒಲೆಗೆ ಬಿತ್ತು. ಮನೆಯವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ಮಾಯವಾಗುವವನಾದರೂ ಆ ಹೊಗೆಯಲ್ಲಿ ಸಿಕ್ಕಿಬೀಳುತ್ತಿದ್ದ. ಒಳಗೆ ಅವಳೊಬ್ಬಳೇ ನಿಂತು ತೆರೆಯ ಕಡೆ ಮುಖಮಾಡಿ ಹೇಳುತ್ತಿದ್ದಳು: "ಏನ್ ಹುಡಗ, ಏನ್ ಮೀಸಿ. ಹೆಂಗ ತೀಡ್ಯಾನ ನೋಡ್ರಿ ಮೀಸಿ."

ಮೊಮ್ಮಗಳು ಕೆಮ್ಮುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಆಯಿ, ಆ ಹೀರೋ ಬದಲಾಗಿ ಹದಿನೈದ ದಿನ ಆತು. ಈಗಿನಂವಗ ಮೀಸೀನೇ ಇಲ್ಲ."

ಧಾರಾವಾಹಿಯವರಿಗೆ ಇದೊಂದು ಶಕ್ತಿಯಿದೆ. ನಟ ಬಿಟ್ಟುಹೋದರೆ ಇನ್ನೊಬ್ಬನನ್ನು ತಂದು ನಿಲ್ಲಿಸುತ್ತಾರೆ. ಹಡೆದ ತಾಯಿ, ಕಟ್ಟಿಕೊಂಡ ಹೆಂಡತಿ, ಯಾರೂ ಒಂದು ಮಾತು ಕೇಳುವುದಿಲ್ಲ. ದನಿ ಮಾತ್ರ ಹಳೆಯವನದೇ ಇರುತ್ತದೆ, ಬೇರೆ ಯಾರೋ ಹಿಂದೆ ಕೂತು ಮಾತಾಡುತ್ತಾರಂತೆ. ನಮ್ಮ ನಾದಿನಿ ಹಿಡಿದುಕೊಂಡಿದ್ದು ಆ ದನಿಯನ್ನು.

ಮೊಮ್ಮಗಳನ್ನು ಹೊರಗೇ ನಿಲ್ಲಿಸಿ ನಾನೊಬ್ಬಳೇ ಒಳಗೆ ಹೋದೆ.

"ಯಾವಾಗಿಂದ?"

"ಏನ ಯಾವಾಗಿಂದ?"

"ಮಾರಿ ಕಾಣದ್ದು."

ಮುಷ್ಟಿ ಬಿಚ್ಚಿದಳು. ಕೈಯಲ್ಲಿ ಇನ್ನೂ ನಾಲ್ಕು ಹರಳು ಉಪ್ಪು ಇದ್ದವು. "ಎಳ್ಳಮಾಸಿಗಿ ಜರಾ ಜರಾ ಕಾಣ್ತಿತ್ತು. ಈಗ ಎಲ್ಲಾರನ್ನೂ ದನಿ ಮ್ಯಾಲ ಗುರ್ತ ಹಿಡೀತೀನಿ."

"ಮತ್ತ ಆಪರೇಷನ್ ಯಾಕ ಒಲ್ಲಿ?"

"ಹಗಲ್ಯಾವದು, ರಾತ್ರ್ಯಾವದು, ಅಷ್ಟರ ತಿಳೀತದ ವೈನಿ. ಕಿಟಕಿ ಎಲ್ಲಿ ಅದ ಗೊತ್ತಾಗ್ತದ. ಕತ್ತರಸಾಕ ಹೋಗಿ ಅದೂ ಹೋತಂದ್ರ?"

"ಮಾಡಸಲಿಲ್ಲಂದ್ರೂ ಹೋಗ್ತದ. ಕುಂತಲ್ಲೇ ಕುಂತು ಕಳಕೋತೀಯೋ, ಒಂದ ಕೈ ನೋಡ್ತೀಯೋ?"

ಹೀಗೆ ಹೇಳಬಾರದಿತ್ತೇನೋ. ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. ಅವಳು ಅತ್ತಳು. ಆ ಹೊತ್ತಿಗೆ ಟಿವಿಯಲ್ಲೂ ಎಲ್ಲರೂ ಅಳುತ್ತಿದ್ದರು, ಹಾಗಾಗಿ ಅಂಗಳದಲ್ಲಿದ್ದವರಿಗೆ ಯಾರಿಗೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಒಂದೇ ಮಾತು ಕೇಳಿದಳು: "ಡಾಕ್ಟರ್ ಹೆಂಗ, ಹೆಣ್ಣೋ ಗಂಡೋ?"

ಹೆಣ್ಣು. ಚಿಕ್ಕ ವಯಸ್ಸು, ದೊಡ್ಡ ದನಿ. ಮೊದಲು ಬಲಗಣ್ಣು, ಎಡಗಣ್ಣು ಆಮೇಲೆ ಅಂದಳು. ಆಪರೇಷನ್ ಆದ ಮೇಲೆ ಎಂಟು ದಿನ ತಲೆಗೆ ನೀರು ಹಾಕುವಂತಿಲ್ಲ, ಒಲೆಯ ಮುಂದೆ ಕೂರುವಂತಿಲ್ಲ, ಕಣ್ಣು ತಿಕ್ಕುವಂತಿಲ್ಲ. "ಅಳೂದಂತೂ ಬ್ಯಾಡs ಬ್ಯಾಡ್ರಿ ಅಮ್ಮಾ" ಅಂದಳು.

ನಾನು ತಕ್ಷಣ ಟಿವಿಯ ವಿಷಯ ಹೇಳಿದೆ. ಚಾಡಿಯೆಂದರೆ ಚಾಡಿಯೇ. ಡಾಕ್ಟರಮ್ಮ ಎರಡೂ ಕೈ ಎತ್ತಿದಳು. "ಅದಾ? ನಮ್ಮವ್ವನೂ ಅದನ್ನs ನೋಡಿ ಅಳ್ತಾಳ. ಎಂಟ ದಿನ ಅದರ ದನೀನೂ ಇವರ ಕಿವೀಗಿ ಬೀಳಬಾರದು."

ನಾದಿನಿ ಅಲ್ಲಿಯೇ ಎದ್ದು ನಿಂತಳು. ಮನೆಗೆ ಹೋಗೋಣ ಅಂದಳು. ದವಾಖಾನೆಯ ಬಾಗಿಲಲ್ಲಿ ನಮ್ಮಿಬ್ಬರ ನಡುವೆ ಬಹಳ ಮಾತಾಯಿತು. ನಾನು ದಿನಾ ಬೇರೆ ಕೋಣೆಯಲ್ಲಿ ಕೂತು ನೋಡಿ, ಬಂದು ಇದ್ದದ್ದು ಇದ್ದ ಹಾಗೆ ಹೇಳಬೇಕು, ಒಂದು ಮಾತೂ ಬಿಡಬಾರದು ಎಂದು ನನ್ನ ಕೈಯಿಂದ ಆಣೆ ಹಾಕಿಸಿಕೊಂಡ ಮೇಲೆಯೇ ಒಳಗೆ ಹೋದಳು.

ಆಪರೇಷನ್ ಅರ್ಧ ತಾಸಿನಲ್ಲಿ ಮುಗಿಯಿತು. ಹೊರಗಿನ ಬೆಂಚಿನ ಮೇಲೆ ನಾನು ಕೂತ ಅರ್ಧ ತಾಸು ಮುಗಿಯಲಿಲ್ಲ. ಮರುದಿನ ಪಟ್ಟಿ ಬಿಚ್ಚುವಾಗ ಅವಳು ನನ್ನ ಸೆರಗು ಹಿಡಿದುಕೊಂಡಿದ್ದಳು. ಪಟ್ಟಿ ಬಿಚ್ಚಿದರು. ಅವಳು ಮೊದಲು ಕಿಟಕಿ ನೋಡಿದಳು, ಆಮೇಲೆ ಡಾಕ್ಟರನ್ನು, ಆಮೇಲೆ ನನ್ನನ್ನು.

"ವೈನಿ, ಇಷ್ಟ ಮುದುಕಿ ಯಾವಾಗ ಆದಿ?"

"ನೀ ಟಿವಿ ನೋಡೂದ್ರಾಗ" ಅಂದೆ. ಡಾಕ್ಟರಮ್ಮ ನಗುತ್ತ ಕಪ್ಪು ಕನ್ನಡಕ ಹಾಕಿದಳು.

ಆವತ್ತು ಸಂಜೆ ಆಣೆಯ ಪ್ರಕಾರ ಧಾರಾವಾಹಿ ನೋಡಲು ಕೂತೆ. ಶುರುವಿನಿಂದ ಕೊನೆಯವರೆಗೆ ಅತ್ತರು. ಈಗ ನಾನು ಹೋಗಿ ಏನು ಹೇಳಲಿ? ಇದ್ದದ್ದು ಇದ್ದ ಹಾಗೆ ಹೇಳಿದರೆ ಅವಳು ಅಳುತ್ತಾಳೆ, ಅತ್ತರೆ ಕಣ್ಣು ಹೋಗುತ್ತದೆ. ಅಳುವುದನ್ನೆಲ್ಲ ತೆಗೆದುಬಿಟ್ಟರೆ ಉಳಿಯುವುದು ಸಾಬೂನಿನ ಜಾಹೀರಾತು ಒಂದೇ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಕತೆ ಕಟ್ಟಿ ಗೊತ್ತಿಲ್ಲ. ಆದರೂ ಹೋಗಿ ಮಂಚದ ಮೇಲೆ ಕೂತು ಬಾಯಿಗೆ ಬಂದದ್ದು ಹೇಳಿದೆ.

ಮೊದಲನೆಯ ದಿನ ಹಾರುವವನಿಗೆ ರೆಕ್ಕೆಯಿಲ್ಲದೆ ಹಾರಿ ಹಾರಿ ಹೆಗಲು ನೋವಾಯಿತು, ಎಣ್ಣೆ ಹಚ್ಚಿಸಿಕೊಂಡು ಮಲಗಿದ ಅಂದೆ. ಎರಡನೆಯ ದಿನ ಮನಸ್ಸಿನ ಮಾತು ಕೇಳಿಸುವ ಸೊಸೆ ಬೇಸತ್ತು ಕಿವಿಗೆ ಅರಳೆ ತುರುಕಿಕೊಂಡು, ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡು, ಹಗಲೆಲ್ಲ ನಿದ್ದೆ ಮಾಡಿದಳು. ಮೂರನೆಯ ದಿನ ಮಾಯವಾಗುವವನು ಒಂದು ಕಾಗದಕ್ಕೆ ಸಹಿ ಮಾಡಿಸಲು ಆಫೀಸಿಗೆ ಹೋದ. ಅಲ್ಲಿ ಕಾಣುವವರನ್ನೇ ಯಾರೂ ನೋಡುವುದಿಲ್ಲ, ಇವನು ಮಾಯವಾಗಿದ್ದಾನೆಂದು ಸಂಜೆಯವರೆಗೆ ಯಾರಿಗೂ ಗೊತ್ತಾಗಲಿಲ್ಲ, ಹಸಿದು ಹೊರಗೆ ಬಂದು ಮಂಡಾಳ ಒಗ್ಗರಣೆ ತಿಂದ. ನಾಲ್ಕನೆಯ ದಿನ ಮಗಳು ಗಡಿಯಾರ ನಿಲ್ಲಿಸಿದಳು. ಅವ್ವ ರೊಟ್ಟಿ ಬಡಿದು ಮುಗಿಸಿ, ಎಲ್ಲರಿಗಿಂತ ಮೊದಲು ತಾನೇ ಬಿಸಿಯಾದದ್ದು ತಿನ್ನಲಿ ಎಂದು.

"ಖರೇನ?" ಅಂದಳು ನಾದಿನಿ.

"ಕಣ್ಣಾರೆ ನೋಡೀನಿ" ಅಂದೆ.

ಏಳನೆಯ ದಿನ ಹೊಳೆಯದೆ, ಹಾರುವವನನ್ನು ಕಮಲಾಪುರದ ಬಸ್ಸು ಹತ್ತಿಸಿ, ಕಿಟಕಿಯ ಸೀಟು ಕೊಟ್ಟು, ಅಲ್ಲಿಗೇ ನಿಲ್ಲಿಸಿದೆ. ಎಂಟನೆಯ ದಿನ ಯಾವುದೋ ಸಿನಿಮಾ ಹಾಕಿದ್ದರಿಂದ ಆ ಧಾರಾವಾಹಿ ಬರಲಿಲ್ಲ, ನಾನು ಬಚಾವಾದೆ.

ಒಂಬತ್ತನೆಯ ದಿನ ಡಾಕ್ಟರಮ್ಮ ನೋಡಿ ಕಣ್ಣು ಬರೋಬರಿ ಇದೆ, ಇನ್ನು ಟಿವಿ ನೋಡಬಹುದು ಅಂದಳು. ಏಳೂವರೆಗೆ ನಾದಿನಿ ಮುಖ ತೊಳೆಯದೆ, ಒರೆಸಿಕೊಂಡು, ತಲೆ ಬಾಚಿಕೊಂಡು ಬಂದು ಗೋಡೆಯಷ್ಟು ದೊಡ್ಡ ಟಿವಿಯ ಮುಂದೆ ಕೂತಳು. ನನ್ನ ಸುಳ್ಳೆಲ್ಲ ಈಗ ಬಯಲಾಗುತ್ತದೆ ಎಂದು ನಾನು ಹಿಂದಿನ ಕುರ್ಚಿಯಲ್ಲಿ ಕೂತೆ. ಹೊಸ ಮುಖದವನು ಬಂದ, ಅತ್ತ. ಸೊಸೆ ಬಂದಳು, ಅತ್ತಳು. ಹಾಲಿನ ಲೋಟ ಅಲ್ಲಿಯೇ ಇತ್ತು.

ಜಾಹೀರಾತಿನವರೆಗೆ ಅವಳು ನೋಡಿದಳು. ಆಮೇಲೆ ಎದ್ದು ತಾನೇ ಟಿವಿ ಬಂದ್ ಮಾಡಿದಳು.

"ಬಸ್ ಹತ್ತಿದ್ನಲ್ಲ, ಮುಂದ ಏನಾತು?" ಅಂದಳು.

"ಅದ ನಾ ಕಟ್ಟಿ ಹೇಳಿದ್ದು. ಖರೆ ಅಲ್ಲ."

"ಎರಡನೇ ದಿನಾನs ಗೊತ್ತಾತು. ಟಿವ್ಯಾಗ ಯಾರೂ ಉಣ್ಣಂಗಿಲ್ಲ. ನಿನ್ನ ಕತಿಯೊಳಗ ಎಲ್ಲಾರೂ ಉಣ್ತಾರ."

"ಮತ್ತ ಯಾಕ ಸುಮ್ಮನ ಕೇಳ್ದಿ?"

ಅವಳು ತನ್ನ ಕುರ್ಚಿಯನ್ನು ಎತ್ತಿ ನನ್ನ ಎದುರಿಗೆ ಇಟ್ಟು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಹೇಳು" ಅಂದಳು.

ನನ್ನ ಹತ್ತಿರ ಏನೂ ತಯಾರಿರಲಿಲ್ಲ. ಬಸ್ಸು ಹೊರಟಿತು ಅಂದೆ. ಹಾರುವವನು ಕಿಟಕಿಯಿಂದ ಹೊಲಗಳನ್ನು ನೋಡಿದ ಅಂದೆ. ಅವಳು ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ನಾನು ಮಾತಾಡುವುದನ್ನು ಮನೆಯಲ್ಲಿ ಎಲ್ಲರೂ ಕೇಳುತ್ತಾರೆ, ಕೆಲಸ ಮಾಡುತ್ತ ಕೇಳುತ್ತಾರೆ, ಫೋನ್ ಒತ್ತುತ್ತ ಕೇಳುತ್ತಾರೆ. ನನ್ನ ಮುಖವನ್ನು ಯಾರಾದರೂ ಅಷ್ಟು ಹೊತ್ತು ನೋಡಿ ಎಷ್ಟು ವರ್ಷಗಳಾಗಿದ್ದವೋ. ಕತೆ ಎಲ್ಲಿಗೆ ಹೋಗುತ್ತಿದೆಯೆಂದು ನನಗೆ ತಿಳಿಯಲಿಲ್ಲ, ಆದರೂ ನಿಲ್ಲಿಸಲಿಲ್ಲ.