ಬಿದಿರು ಪಾಠದ ಬದಿಗೆ ಬರೆದದ್ದು

ಕಾಲೇಜಿನಲ್ಲಿ ಕಲಿಸುವವರಿಗೆ ಎರಡು ಅಂಜಿಕೆ. ತರಗತಿಗೆ ಹುಡುಗರು ಬಾರದಿರುವುದು ಒಂದು, ಬಂದವರು ಪ್ರಶ್ನೆ ಕೇಳುವುದು ಇನ್ನೊಂದು. ದಾಂಡೇಲಿಯ ಒಂದು ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಸಸ್ಯಶಾಸ್ತ್ರ ಕಲಿಸುತ್ತಿರುವ ನನಗೆ ಎರಡನೆಯದೇ ದೊಡ್ಡದು. ಅದಕ್ಕೆ ಮದ್ದಾಗಿ ನನ್ನ ಹತ್ತಿರ ಒಂದು ದಪ್ಪ ನೋಟ್ಸಿನ ವಹಿ ಇದೆ. ಅದನ್ನು ನೋಡಿ ಹೇಳುತ್ತ ಹೋದರೆ ಹುಡುಗರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ತಲೆ ಬಗ್ಗಿಸಿದವರು ಪ್ರಶ್ನೆ ಕೇಳುವುದಿಲ್ಲ, ಇದು ನನ್ನ ಸ್ವಂತ ಸಂಶೋಧನೆ. ಉಕ್ತಲೇಖನ ಎಷ್ಟು ರಕ್ತಗತವಾಗಿದೆಯೆಂದರೆ ಒಮ್ಮೆ ಊಟಕ್ಕೆ ಕೂತಾಗ ಹೆಂಡತಿ ಶಾರದಾಳಿಗೆ ‘ಇನ್ನೊಂದು ಸೌಟು ಸಾರು, ಅಲ್ಪವಿರಾಮ’ ಅಂದೆನಂತೆ. ನಾನು ಒಪ್ಪುವುದಿಲ್ಲ, ಆದರೆ ಆಕೆ ಬಂದವರಿಗೆಲ್ಲ ಹೇಳುತ್ತಾಳೆ.

ಹೀಗಿರಲಾಗಿ ನಮ್ಮ ಪ್ರಿನ್ಸಿಪಾಲರು ಧಾರವಾಡದಲ್ಲಿ ಯಾವುದೋ ಸಭೆಗೆ ಹೋಗಿಬಂದರು. ಬರುವಾಗ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಮಾತು ತಂದರು. ಪ್ರತಿಯೊಬ್ಬರೂ ತಮ್ಮ ನೋಟ್ಸನ್ನು ಕಾಲೇಜಿನ ವೆಬ್‌ಸೈಟಿಗೆ ಹಾಕಬೇಕು, ಜಗತ್ತಿನ ಯಾರು ಬೇಕಾದರೂ ಪುಕ್ಕಟೆ ಓದಬಹುದು, ಬಳಸಬಹುದು, ತಿದ್ದಬಹುದು ಎಂದು ಒಪ್ಪಿಗೆ ಬರೆದುಕೊಡಬೇಕು. ಹೀಗೆ ಎಲ್ಲಾ ಬಿಚ್ಚಿಟ್ಟರೆ ಕ್ಲಾಸಿಗೆ ಯಾರು ಬರುತ್ತಾರೆ ಎಂದು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, “ಈಗ ಯಾರ್ ಬರಾಕತ್ತಾರ್ರಿ?” ಅಂದರು.

ವಹಿಯನ್ನು ಕಿಟಕಿ ಬಳಿ ಇಟ್ಟುಕೊಂಡು, ಒಂದೊಂದೇ ಪುಟದ ಫೋಟೋ ಹೊಡೆದು ಏರಿಸಿದೆ. ಆಮೇಲೆ ಎಷ್ಟು ಜನ ತೆರೆದು ನೋಡಿದರು ಎಂದು ತಾಸಿಗೊಮ್ಮೆ ಫೋನ್ ತೆಗೆಯುವ ಚಟ ಹತ್ತಿತು. ಸಂಖ್ಯೆ ಏರುತ್ತಿತ್ತು. ಹಳಿಯಾಳದವರೂ ಮುಂಡಗೋಡದವರೂ ನೋಡುತ್ತಿದ್ದಾರೆ ಎಂದು ಯಾರೋ ಹೇಳಿದರು. ಇಷ್ಟು ಜನಕ್ಕೆ ಬೇಕಾದ ವಿದ್ವಾಂಸ ಇಷ್ಟು ದಿನ ಬಂಗೂರನಗರದ ಬಾಡಿಗೆ ಮನೆಯಲ್ಲಿ ಅಡಗಿ ಕೂತಿದ್ದನಲ್ಲ ಎಂದು ನನಗೇ ಅನಿಸಿತು.

ಮೂರನೆಯ ದಿನ ಪಾಠದ ನಡುವೆ, ಅನಮೋಡ ಘಾಟಿನಲ್ಲಿ ಗಿಡ ಹುಡುಕಲು ಹೋಗಿ ಕಾಲಿಗೆ ಜಿಗಣೆ ಹತ್ತಿದ ಕಥೆ ಹೇಳಲು ಬಾಯಿ ತೆರೆದೆ. ತೆರೆದದ್ದಷ್ಟೇ, ಕ್ಲಾಸು ಪೂರಾ ನಕ್ಕಿತು. ಸುಮ್ಮನೆ ಕಿಟಕಿಯ ಹೊರಗೆ ನೋಡಿದೆ, ಮತ್ತೂ ನಕ್ಕಿತು. ಸ್ಟಾಫ್ ರೂಮಿಗೆ ಓಡಿ ಫೋನಿನಲ್ಲಿ ನನ್ನದೇ ಪುಟ ತೆರೆದೆ. ನೋಟ್ಸಿನ ಬದಿಗೆ, ಹತ್ತೊಂಬತ್ತು ವರ್ಷದಿಂದ ಪೆನ್ಸಿಲಿನಲ್ಲಿ ನನಗಾಗಿ ನಾನೇ ಬರೆದುಕೊಂಡದ್ದೆಲ್ಲ ಸ್ಪಷ್ಟವಾಗಿ ಮೂಡಿತ್ತು. ‘ಇಲ್ಲಿ ಜಿಗಣೆ ಕಥೆ, ನಗುತ್ತಾರೆ.’ ‘ಕಿಟಕಿಯ ಹೊರಗೆ ನೋಡಿ, ಈಗಷ್ಟೇ ಹೊಳೆದವನಂತೆ.’ ‘ಹಿಂದಿನ ಬೆಂಚಿನ ಮೇಲೆ ಸಿಟ್ಟು.’ ಇವನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಬಿದಿರಿನ ಪಾಠವಿತ್ತಲ್ಲ!

ಬಿದಿರು ಹತ್ತಾರು ವರ್ಷ ಹೂವಿಲ್ಲದೆ ಬೆಳೆದು, ಒಂದು ವರ್ಷ ಗುಡ್ಡಕ್ಕೆ ಗುಡ್ಡವೇ ಒಮ್ಮೆಲೇ ಹೂ ಬಿಟ್ಟು ಸಾಯುತ್ತದೆ. ಅದರ ಬದಿಗೆ ನಾನು ಬರೆದದ್ದು: ‘ಕಾಲ ಬಂತೆಂದು ಬಿದಿರಿಗೆ ಹೇಗೆ ತಿಳಿಯುತ್ತದೆ ಎಂದು ಯಾರಾದರೂ ಕೇಳುತ್ತಾರೆ. ನನಗೆ ಗೊತ್ತಿಲ್ಲ. ವಾಚು ನೋಡಿಕೊಂಡು, ನಾಳೆ ನೋಡೋಣ ಅನ್ನುವುದು.’ ಕಾಗದದ ಗಿರಣಿಗೆ ಬಿದಿರು ಹೇರಿಕೊಂಡು ಬರುತ್ತಿದ್ದ ಲಾರಿಗಳನ್ನು ಕಂಡ ಊರಿದು. ಇಲ್ಲಿ ಸಸ್ಯಶಾಸ್ತ್ರದ ಮಾಸ್ತರನಿಗೆ ಬಿದಿರು ಗೊತ್ತಿಲ್ಲವೆಂದರೆ ನನ್ನ ಮರ್ಯಾದೆ ಏನಾಗಬೇಕು?

ಅಂದು ಮನೆಯಲ್ಲಿ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಹಿತ್ತಿಲಿಗೆ ಹೋದೆ, ಬಂದೆ, ಮತ್ತೆ ಹೋದೆ. ಶಾರದಾ ಅಕ್ಕಿ ಆರಿಸುವುದನ್ನು ಬಿಟ್ಟು, “ಕುಂತಲ್ಲಿ ಕುಂದರ್ರಿ, ನೆಲ ಸವೀತೈತಿ” ಅಂದಳು. ಮರುದಿನ ಬಾಗಿಲು ತೆರೆಯುವ ಹೊತ್ತಿಗೇ ಗ್ರಂಥಾಲಯಕ್ಕೆ ಹೋಗಿ, ವೆಬ್‌ಸೈಟ್ ನೋಡಿಕೊಳ್ಳುವ ಗ್ರಂಥಪಾಲಕ ಬಸಣ್ಣನಿಗೆ ನನ್ನ ವಹಿಯನ್ನು ತೆಗೆದುಹಾಕಲು ಹೇಳಿದೆ. ಇಳಿಸಿಕೊಂಡವರ ಫೋನಿನಿಂದ ತೆಗೆಯಲು ಆಗುವುದಿಲ್ಲ, ಉಳಿದದ್ದನ್ನು ಬೇಕಾದರೆ ತೆಗೆಯುತ್ತೇನೆ ಎಂದು ಅವನು ಕಂಪ್ಯೂಟರ್ ಮುಂದೆ ಕೂತ.

ಅಷ್ಟರಲ್ಲಿ ಅಲ್ಲೇ ಓದುತ್ತಿದ್ದ ಸುಜಾತಾ ಎದ್ದು ಬಂದಳು. ಜೋಯಿಡಾ ಕಡೆಯ ಕುಂಬಾರವಾಡದ ಹುಡುಗಿ, ನನ್ನದೇ ಕ್ಲಾಸಿನವಳು. ಬಸ್ಸು ತಪ್ಪಿತೆಂದರೆ ಅವಳಿಗೆ ಆ ದಿನ ಕಾಲೇಜಿಲ್ಲ.

“ತೆಗೀಬ್ಯಾಡ್ರಿ ಸರ್,” ಅಂದಳು. “ಬಸ್ ತಪ್ಪಿದ ದಿನ ನೆಟ್‌ವರ್ಕ್ ಸಿಗ್ಲಿ ಅಂತ ಗುಡ್ಡ ಹತ್ತಿ ಅದನ್ನ ಓದ್ತೇನ್ರಿ. ಬದಿಗೆ ಬರದದ್ದು ಓದಿದ್ರ ಕ್ಲಾಸಿನ್ಯಾಗ ಕುಂತಂಗ ಆಗ್ತೈತ್ರಿ.” ಆಮೇಲೆ, “ಮತ್ತ ಆ ಬಿದಿರಿಂದು, ನಾಳೆ ಹೇಳ್ತೀರೇನ್ರಿ?” ಅಂದಳು.

ಅವಳ ಮುಖದಲ್ಲಿ ಚೇಷ್ಟೆ ಹುಡುಕಿದೆ, ಸಿಗಲಿಲ್ಲ. ಬಸಣ್ಣ ನನ್ನ ಮುಖ ನೋಡಿದ. ಬೇಡ, ಇರಲಿ ಎಂದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಅಲ್ಲಿಯೇ ಕೂತು ಹುಡುಕಿದೆ. ದೇಶವಿದೇಶದ ಪಂಡಿತರು ಬಿದಿರಿನ ಮೇಲೆ ಬರೆದ ಸಂಶೋಧನಾ ಲೇಖನಗಳು ಪುಕ್ಕಟೆಯಾಗಿ ಎಷ್ಟೋ ವರ್ಷಗಳಿಂದ ಬಿದ್ದುಕೊಂಡಿದ್ದವು, ನಾನು ಕಣ್ಣೆತ್ತಿ ನೋಡಿರಲಿಲ್ಲ ಅಷ್ಟೇ. ಒಬ್ಬರು ಒಂದು ಊಹೆ ಮಾಡಿದ್ದರೆ ಇನ್ನೊಬ್ಬರು ಬೇರೆಯದು. ಎಲ್ಲರೂ ಕೊನೆಯಲ್ಲಿ, ಇದು ಇನ್ನೂ ಪೂರ್ತಿ ತಿಳಿದಿಲ್ಲ ಎಂದು ನೆಟ್ಟಗೆ ಬರೆದು ಕೆಳಗೆ ತಮ್ಮ ಹೆಸರು ಹಾಕಿದ್ದರು. ಜಗತ್ತಿನಲ್ಲಿ ಯಾರಿಗೂ ಪೂರ್ತಿ ಗೊತ್ತಿಲ್ಲದ್ದನ್ನು ನಾನು ನನ್ನೊಬ್ಬನದೇ ದಡ್ಡತನವೆಂದು ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದೆ. ನಗು ಬಂತು, ನನ್ನ ಮೇಲೆ ಸಿಟ್ಟೂ ಬಂತು.

ಮರುದಿನ ವಹಿ ಇಲ್ಲದೆ ಕ್ಲಾಸಿಗೆ ಹೋದೆ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆ ಪ್ರಶ್ನೆಯನ್ನು ನಾನೇ ಎತ್ತಿ, “ನನಗೆ ಗೊತ್ತಿಲ್ಲ. ಯಾರಿಗೂ ಪೂರ್ತಿ ಗೊತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಹುಡುಕಬೇಕು” ಅಂದೆ. ಈಗ ಏನೋ ದೊಡ್ಡದು ಆಗುತ್ತದೆ ಎಂದು ಕಾದೆ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು.

ಹೋದ ವಾರದ ಕಿರುಪರೀಕ್ಷೆಗೆ ಹುರುಪಿನಿಂದ ಅದೇ ಪ್ರಶ್ನೆ ಕೊಟ್ಟಿದ್ದೆ. ಸುಜಾತಾ ಒಬ್ಬಳು, ತನ್ನ ಅಜ್ಜಿ ಕಂಡ ಬಿದಿರಿನ ಹೂವು, ಆ ವರ್ಷ ಉಂಡ ಬಿದಿರಕ್ಕಿ, ಯಾವ ಗುಡ್ಡ ಮೊದಲು ಒಣಗಿತು ಎಂದೆಲ್ಲ ಒಂದೂವರೆ ಪುಟ ಬರೆದಿದ್ದಳು. ಅದನ್ನು ಮೂರು ಸಲ ಓದಿದೆ. ಉಳಿದವರದು ಒಂದೇ ಸಾಲು: ‘ಈ ವಿಷಯ ನಮ್ಮ ಸರ್ ಅವರಿಗೆ ಗೊತ್ತಿಲ್ಲ.’ ಕೆಲವರು ಅದರ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದಿದ್ದರು. ತಪ್ಪು ಅನ್ನುವ ಹಾಗಿಲ್ಲ, ಪೂರ್ತಿ ಅಂಕ ಕೊಟ್ಟೆ. ಹಿಂದಿನ ಬೆಂಚಿನ ಒಬ್ಬ ಪುಣ್ಯಾತ್ಮ ಮಾತ್ರ, ‘ಸರ್ ಅವರಿಗೆ ಎಲ್ಲಾ ಗೊತ್ತಿದೆ, ದೊಡ್ಡ ಮನಸ್ಸಿನಿಂದ ಹೇಳಿಲ್ಲ’ ಎಂದು ಬರೆದಿದ್ದ. ಓದಿ ಬಹಳ ಹಿತವಾಯಿತು. ಇನ್ನೊಮ್ಮೆ ಓದಿಕೊಂಡು, ಅವನಿಗೆ ಸೊನ್ನೆ ಹಾಕಿದೆ.