ಕಾಕಾ ತೆಗೆದ ಮಾನ

ನಮ್ಮ ಕಾಕಾ ಯುದ್ಧವಿಮಾನ ಹಾರಿಸಿ ಪದಕ ಪಡೆದವರು ಎಂದರೆ ಹಗರಿಬೊಮ್ಮನಹಳ್ಳಿಯಲ್ಲಿ ಯಾರೂ ನಂಬುವುದಿಲ್ಲ. ಯಾಕೆಂದರೆ ಅವರು ಮೊಪೆಡ್ ಓಡಿಸುವುದನ್ನು ಎಲ್ಲರೂ ನೋಡಿದ್ದಾರೆ!

ಹೊರಡುವ ಮುನ್ನ ಗಾಡಿಗೆ ಒಂದು ಪ್ರದಕ್ಷಿಣೆ. ಗಾಲಿಗೆ ಒದೆಯುತ್ತಾರೆ, ಬ್ರೇಕಿನ ತಂತಿ ಎಳೆದು ನೋಡುತ್ತಾರೆ, ಕತ್ತೆತ್ತಿ ಗಾಳಿ ಯಾವ ಕಡೆಯದೆಂದು ಅಂದಾಜು ಮಾಡುತ್ತಾರೆ. ಇಷ್ಟೆಲ್ಲ ತಯಾರಿ ಎಲ್ಲಿಗೆ? ಕಾಯಿಪಲ್ಲೆ ಸಂತೆಗೆ! ಆಮೇಲೆ ಹೋಗುವ ವೇಗವೋ, ಮೊನ್ನೆ ಒಂದು ಎಮ್ಮೆ ಅವರಿಗೆ ಸೈಡ್ ಹೊಡೆದು ಮುಂದೆ ಹೋಯಿತು. ಎಮ್ಮೆಯ ಹಿಂದಿದ್ದವನು ಮೊಪೆಡ್ಡಿನ ಹಿಂದೆ ಕೂತಿದ್ದ ನನ್ನನ್ನು ನೋಡಿ ನಕ್ಕ. ನಾನು ಯಾವುದೋ ಅಂಗಡಿಯ ಬೋರ್ಡು ಓದತೊಡಗಿದೆ.

ಒಮ್ಮೆ ಶಾಲೆಯವರು ಧ್ವಜಾರೋಹಣಕ್ಕೆ ಕರೆದರು. ವೈರಿಯ ವಿಮಾನ ಕೆಡವಿದ ಕಥೆ ಹೇಳಬೇಕೆಂದು ಹೆಡ್‌ಮಾಸ್ತರರು ಕೈಮುಗಿದರು. ಕಾಕಾ ಮೈಕು ಹಿಡಿದು, ವಿಮಾನ ಕೆಡವಿದ ದಿನ ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಕಮ್ಮಿಯಾಗಿತ್ತು ಎಂದು ಹೇಳಿ ಕೂತುಬಿಟ್ಟರು. ವೀರರ ಮನೆಯವನೆಂದು ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಗತಿ? (ಉಪ್ಪಿಟ್ಟೋ ಅವಲಕ್ಕಿಯೋ, ಈಗ ಖಾತ್ರಿಯಿಲ್ಲ. ನೆನಪು ತನ್ನ ರುಚಿಗೆ ತಕ್ಕಷ್ಟು ಉಪ್ಪು ತಾನೇ ಹಾಕಿಕೊಳ್ಳುತ್ತದೆ.)

ಇಂಥವರನ್ನು ಮುಂದಿಟ್ಟುಕೊಂಡು ನಾನು ಮಗಳ ಸಂಬಂಧ ಕುದುರಿಸಿದ್ದೆ. ಹರಪನಹಳ್ಳಿಯ ಬೀಗರು ಒಪ್ಪಿದ್ದೇ ಪದಕದ ಮನೆತನವೆಂದು. ಅವರು ಮೊದಲ ಸಲ ಊಟಕ್ಕೆ ಬಂದದ್ದು ಈ ವರ್ಷದ ಹಿರಿಯರ ಹಬ್ಬಕ್ಕೆ. ಇವತ್ತೊಂದು ದಿನ ಮಾನ ಉಳಿದರೆ ಸಾಕು ಎಂದು ತೀರಿಕೊಂಡವರನ್ನೆಲ್ಲ ಬೇಡಿಕೊಂಡೆ.

ಗತಿಸಿದವರ ಹೆಸರಿನಲ್ಲಿ ಎಲೆ ಹಾಕಿ, ಹೋಳಿಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆಯಿಟ್ಟು ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಅಜ್ಜ, ಅಜ್ಜಿ, ಅಪ್ಪ, ಮೂವರಿಗೂ ಇಟ್ಟಾಗಿತ್ತು. ಅಷ್ಟರಲ್ಲಿ ಕಾಕಾ ಬಂದು ಅದೇ ಸಾಲಿನಲ್ಲಿ ಇನ್ನೊಂದು ಎಲೆ ಹಾಕಿ, ಪಕ್ಕದಲ್ಲಿ ಒಂದು ಹೊಸ ಅಂಗಿ ಇಟ್ಟರು. ಪ್ರತಿ ವರ್ಷ ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇಡುತ್ತಿದ್ದರಂತೆ. ನನ್ನ ಹೆಂಡತಿಗೆ ಗೊತ್ತಿತ್ತು, ನನಗಿಲ್ಲ. ಈ ಸಲ ಆ ಕೋಣೆಯನ್ನು ಬೀಗರಿಗೆ ಬಿಟ್ಟುಕೊಟ್ಟಿದ್ದೆವು.

“ಇದು ಯಾರ ಎಡಿ ರೀ?” ಬೀಗರು ಕೇಳಿದರು.

“ನಾ ಕೆಡವಿದ ಇಮಾನದಾಗ ಇದ್ದ ಹುಡುಗಂದು.”

ನನ್ನ ಕಿವಿ ಬಿಸಿಯಾದವು. ಯಾವ ದೇಶದವನೋ, ಯಾವ ದೇವರಿಗೆ ಕೈಮುಗಿಯುತ್ತಿದ್ದವನೋ, ನಮ್ಮ ಅಪ್ಪನ ಪಕ್ಕದಲ್ಲಿ! ಬೀಗರ ಮುಖ ನೋಡಲಾಗದೆ, ಅವನ ಮನೆಯವರು ಇಡುತ್ತಾರೆ, ಇದನ್ನು ತೆಗೆಯಿರಿ ಎಂದು ಗದರಿದೆ.

“ಅವನ ಮಕ್ಳು ಇಡಬೇಕಿತ್ತು, ತಮ್ಮಾ,” ಎಂದರು ಕಾಕಾ. “ಅವರು ಹುಟ್ಟಾಕ ನಾನ ಬಿಡಲಿಲ್ಲ.”

ಆಗ ಅವರ ಕಣ್ಣಲ್ಲಿ ನೀರಿತ್ತೆಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಕಂಡದ್ದು ಎಲೆಯ ಮಡಿಕೆ ಸರಿಪಡಿಸುತ್ತಿದ್ದ ಬೆರಳು ಮಾತ್ರ.

ಬೀಗರು ಬಗ್ಗಿ ಆ ಅಂಗಿಯ ಅಂಚು ಮುಟ್ಟಿದರು. ತೀರ ಸಣ್ಣ ಮೈಯವನ ಅಂಗಿ. “ಅಳತಿ ಹೆಂಗ ಗೊತ್ತಾತ್ರಿ?”

“ಗೊತ್ತಿಲ್ರಿ. ಆಗ ನಾ ಇದ್ದಷ್ಟ ಇರಬೇಕು.”

ಆ ಹುಡುಗನ ಎಲೆಯ ಪಕ್ಕ ನೀರು ಇಟ್ಟಿಲ್ಲವೆಂದು ಬೀಗರು ನನಗೆ ಮೆಲ್ಲಗೆ ಹೇಳಿದರು. ತಲೆ ಎತ್ತದೆಯೇ ಎದ್ದು ಹೋಗಿ ತಂಬಿಗೆ ತಂದಿಟ್ಟೆ.